"ಬರ್ತಾರೆ ಬಿಡಮ್ಮ" ಅನ್ನೋದನ್ನ ಇಂಗ್ಲಿಷಲ್ಲಿ ಹೇಳೋದು ಹೇಗೆ?

ತಂಗೀ, ಸಿಂಧನೂರಿಂದ ಇಂಗ್ಲೆಂಡಿನ ಲೀಡ್ಸ್‌ಗೆ ನರ್ಸ್ ಆಗಿ ಬರುತ್ತಿದ್ದೀಯ ಅಂತ ಓದಿ ತುಂಬಾ ಖುಷಿಯಾಯಿತು. ನಾನು ಗಂಗಾವತಿಯವಳು, ಈ ದೇಶಕ್ಕೆ ಬಂದು 14 ವರ್ಷವಾಯಿತು, ನನ್ನದೂ ಅದೇ ಕೆಲಸ. ಚಳಿ ಹೇಗಿರುತ್ತೆ, ಊರಿಂದ ಏನು ತರಬೇಕು, ಮುಂದೆ ಆಗೋದನ್ನ ಹೇಳುವಾಗ ಎಲ್ಲದಕ್ಕೂ 'ವಿಲ್' ಹಾಕಿದರೆ ನಡೆಯುತ್ತಾ ಅಂತ ಮೂರು ಕೇಳಿದ್ದೀಯ. ಕೋಟು ಇಲ್ಲಿಗೆ ಬಂದೇ ತಗೋ. ಡಿಸೆಂಬರಲ್ಲಿ ಸಂಜೆ 4ಕ್ಕೇ ಕತ್ತಲಾಗುತ್ತದೆ, ಅದಕ್ಕೊಂದು ಮನಸ್ಸು ಗಟ್ಟಿ ಮಾಡಿಕೋ. ಮೂರನೆಯದನ್ನ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು.

ಎಲ್ಲದಕ್ಕೂ 'ವಿಲ್' ಹಾಕಿದರೂ ಅರ್ಥ ಆಗುತ್ತದೆ. ಆದರೆ ನೀನು ಅಂದುಕೊಂಡದ್ದಕ್ಕಿಂತ ಜಾಸ್ತಿ ಅರ್ಥ ಆಗಿಬಿಡುತ್ತದೆ. ನನ್ನ ಮೊದಲ ತಿಂಗಳಲ್ಲಿ ವಾರ್ಡಿನ ಒಬ್ಬ ಅಜ್ಜಿಯ ಮಗಳು, ಡಾಕ್ಟರು ಇವತ್ತು ಬರುತ್ತಾರಾ ಅಂತ ಕೇಳಿದರು. ನಾನು "ಯೆಸ್, ಹಿ ವಿಲ್ ಕಮ್" ಅಂದೆ. ನಮ್ಮ ಕಡೆ "ಬರ್ತಾರೆ ಬಿಡಮ್ಮ" ಅಂದರೆ ಅದು ಸಮಾಧಾನದ ಮಾತು, ಅದನ್ನ ಹಿಡಿದುಕೊಂಡು ಯಾರೂ ಕೂರಲ್ಲ. ಅವರು ಕೂತರು. ಕೆಲಸಕ್ಕೆ ಫೋನ್ ಮಾಡಿ ರಜೆ ಹಾಕಿ, ರಾತ್ರಿ 8ರ ತನಕ ಕೂತರು, ಡಾಕ್ಟರು ಬರಲಿಲ್ಲ. ಅವರ ಮುಖ ನನಗೆ ಇನ್ನೂ ನೆನಪಿದೆ. ಅವತ್ತಿಂದ ಗೊತ್ತಿಲ್ಲದ್ದಕ್ಕೆ "ಐ ಆಮ್ ನಾಟ್ ಶೂರ್, ಐ ವಿಲ್ ಫೈಂಡ್ ಔಟ್ ಫಾರ್ ಯು" ಅನ್ನುತ್ತೇನೆ. ಡಾಕ್ಟರು ಬರೋದು ನನ್ನ ಕೈಲಿಲ್ಲ, ವಿಚಾರಿಸಿ ಹೇಳೋದು ನನ್ನ ಕೈಲಿದೆ, ಹಾಗಾಗಿ 'ವಿಲ್' ಅದಕ್ಕೆ ಮಾತ್ರ.

ನೋಡು, ಇಂಗ್ಲಿಷ್ ಕ್ರಿಯಾಪದಕ್ಕೆ ಹಿಂದೆ ಆಗಿದ್ದನ್ನ ಹೇಳೋಕೆ 'ಎಡ್' ಇದೆ, ಮುಂದೆ ಆಗೋದಕ್ಕೆ ಅಂಥ ಬಾಲ ಇಲ್ಲವೇ ಇಲ್ಲ. ಅದಕ್ಕೇ ಬೇರೆ ಬೇರೆ ಮಾತಿನಿಂದ ಕೆಲಸ ನಡೆಸುತ್ತಾರೆ. ನಮಗೂ ಹೆಚ್ಚು ಕಡಿಮೆ ಹಾಗೇ ಅಲ್ವಾ? 'ಬರುವೆನು' ಅಂತ ಮನೇಲಿ ಯಾರೂ ಅನ್ನಲ್ಲ, ದಿನಾ ಬರ್ತೀನಿ, ನಾಳೆ ಬರ್ತೀನಿ, ಎರಡಕ್ಕೂ ಒಂದೇ. ಅವ್ವ ಕರೆದರೆ "ಬಂದೆ" ಅಂತೀವಿ, ಇನ್ನೂ ಎದ್ದೇ ಇರಲ್ಲ.

ಈಗಿಂದೀಗ ಮನಸ್ಸು ಮಾಡಿದ್ದಕ್ಕೆ 'ವಿಲ್'. ಫೋನ್ ಹೊಡೆದುಕೊಂಡರೆ "ಐ ವಿಲ್ ಗೆಟ್ ಇಟ್". ಮೊದಲೇ ತೀರ್ಮಾನ ಮಾಡಿದ್ದಕ್ಕೆ, ಇಲ್ಲವೇ ಕಣ್ಣೆದುರೇ ಗುರುತು ಕಾಣುತ್ತಿರೋದಕ್ಕೆ 'ಗೋಯಿಂಗ್ ಟು'. ನೆಲ್ಲಿನ ಚೀಲ ಹೇರಿದ ಟ್ರ್ಯಾಕ್ಟರ್ ಕಾಲುವೆ ಕಡೆ ವಾಲಿದೆ ಅಂದುಕೋ, "ಇಟ್ ಈಸ್ ಗೋಯಿಂಗ್ ಟು ಫಾಲ್" ಅನ್ನಬೇಕು. ವಾರ್ಡಲ್ಲಿ ಇದು ದಿನಾ ಬೇಕು. ಮುಟ್ಟೋ ಮುಂಚೆ "ಐ ಆಮ್ ಗೋಯಿಂಗ್ ಟು ಚೆಕ್ ಯುವರ್ ಬ್ಲಡ್ ಪ್ರೆಷರ್" ಅಂತ ಹೇಳಿಯೇ ಕೈ ಹಿಡಿ.

ಬೇರೆಯವರ ಜೊತೆ ಮಾತಾಗಿ ಗೊತ್ತಾಗಿರೋದಕ್ಕೆ ಬರೀ 'ಇಂಗ್' ಸಾಕು. "ಐ ಆಮ್ ವರ್ಕಿಂಗ್ ಆನ್ ಸಂಡೇ", ರೋಟಾದಲ್ಲಿ, ಅಂದರೆ ಡ್ಯೂಟಿ ಪಟ್ಟಿಯಲ್ಲಿ, ಹೆಸರು ಬಿದ್ದಿದೆ ಅಂತ. ಜೊತೆಯವಳು "ವಾಟ್ ಆರ್ ಯು ಡೂಯಿಂಗ್ ಆನ್ ಸಂಡೇ?" ಅಂದರೆ ಮನೆಗೆ ಕರೆಯೋಕೆ ಕೇಳುತ್ತಿರಬಹುದು, ಸುಮ್ನೆ "ನಥಿಂಗ್" ಅಂದು ಮಾತು ಮುಗಿಸಬೇಡ. ರೈಲು ಬಸ್ಸಿನ ವೇಳೆಗೆ ಅದೂ ಬೇಡ, "ದ ಟ್ರೇನ್ ಲೀವ್ಸ್ ಅಟ್ ಸಿಕ್ಸ್ ಟುಮಾರೋ".

'ಶಲ್' ಅನ್ನ ಶಾಲೆಯಲ್ಲಿ 'ಐ', 'ವಿ' ಜೊತೆ ಬಾಯಿಪಾಠ ಮಾಡಿಸಿದ್ದರು. ಇಲ್ಲಿ ಮಾತಲ್ಲಿ ಅದು ಕೇಳೋದು ಹೆಚ್ಚಾಗಿ ಪ್ರಶ್ನೆಯಲ್ಲೇ, ಅದೂ ನಮ್ಮ 'ಲಾ', 'ಓಣವಾ' ಇದ್ದಹಾಗೆ. ಕಿಟಕಿ ತೆಗೆಯಲಾ, "ಶಲ್ ಐ ಓಪನ್ ದ ವಿಂಡೋ?" ಹೋಗೋಣವಾ, "ಶಲ್ ವಿ ಗೋ?" ಎಷ್ಟು ಚೆನ್ನಾಗಿ ಕೂರುತ್ತೆ ನೋಡು.

ನಮ್ಮವರು ಜಾಸ್ತಿ ಎಡವೋದು 'ವೆನ್' ಮತ್ತು 'ಇಫ್' ಹತ್ತಿರ. "ವೆನ್ ಹಿ ವಿಲ್ ಕಮ್, ಐ ವಿಲ್ ಟೆಲ್ ಹಿಮ್" ತಪ್ಪು, "ವೆನ್ ಹಿ ಕಮ್ಸ್" ಆಗಬೇಕು. ಕನ್ನಡದಲ್ಲೂ 'ಬಂದಾಗ', 'ಬಂದರೆ', 'ಬಂದ ಮೇಲೆ' ಅಂತೀವಿ, ಮುಂದಾಗೋದು ಕೊನೆಯ 'ಹೇಳ್ತೀನಿ'ಯಲ್ಲಿ ಮಾತ್ರ ಇರುತ್ತೆ. ನಿನ್ನ ಕನ್ನಡವನ್ನೇ ನಂಬು. 'ಮಾಡ್ತಾ ಇರ್ತೀನಿ' ಅನ್ನೋದು "ವಿಲ್ ಬಿ ಡೂಯಿಂಗ್", 'ಮುಗಿಸಿರ್ತೀನಿ' ಅನ್ನೋದು "ವಿಲ್ ಹ್ಯಾವ್ ಫಿನಿಶ್ಡ್". ಪುಸ್ತಕದಲ್ಲಿ ಇವಕ್ಕೆ ದೊಡ್ಡ ದೊಡ್ಡ ಹೆಸರಿವೆ, ಆದರೆ ಆ 'ಇರ್ತೀನಿ' ನಿನ್ನ ಬಾಯಲ್ಲಿ ಚಿಕ್ಕಂದಿನಿಂದ ಇದೆ. ಜೊತೆಗೆ 'ಗುರುವಾರದೊಳಗೆ' ಅಂದರೆ "ಬೈ ಥರ್ಸ್‌ಡೇ", 'ಗುರುವಾರದ ತನಕ' ಅಂದರೆ "ಅಂಟಿಲ್ ಥರ್ಸ್‌ಡೇ". ಮಾತ್ರೆ ಯಾವತ್ತಿನ ತನಕ ತಗೋಬೇಕು ಅಂತ ಹೇಳುವಾಗ ಇದು ಅದಲು ಬದಲಾಗಬಾರದು.

ಡ್ಯೂಟಿ ಮುಗಿಸಿ ಹೊರಡುವಾಗ 'ಬರ್ತೀನಿ' ಅನ್ನೋದನ್ನ ಹಾಗೇ ಇಂಗ್ಲಿಷ್ ಮಾಡಬೇಡ, ವಾಪಸ್ ಬರುತ್ತೀಯ ಅಂತ ಪೇಷೆಂಟ್ ಕಾಯುತ್ತಾರೆ. ಮಾರನೇ ದಿನ ಡ್ಯೂಟಿ ಇದ್ದರೆ "ಸೀ ಯು ಟುಮಾರೋ", ಇಲ್ಲದಿದ್ದರೆ "ಐ ಆಮ್ ನಾಟ್ ವರ್ಕಿಂಗ್ ಟುಮಾರೋ" ಅಂತ ನೇರ ಹೇಳು.

ಊರಿಂದ ತರೋದು ಅಂದರೆ, ತುಪ್ಪ ಪೇಡೆ ಬೇಡ, ಹಾಲಿನ ಪದಾರ್ಥ ಒಳಗೆ ಬಿಡಲ್ಲ. ಸೋನಾ ಮಸೂರಿ ಇಲ್ಲೇ ಸಿಗುತ್ತೆ, ಹೊತ್ತು ತರಬೇಡ. ಶೇಂಗಾ ಚಟ್ನಿಪುಡಿ ಮಾತ್ರ ಅವ್ವನ ಕೈಲಿ ಮಾಡಿಸಿಕೊಂಡು ಬಾ.