ರೋಬೋಟ್ ನಿಂತಿಲ್ಲ, ಕಾಯ್ತಾ ಇದೆ

ಕಾರ್ಖಾನೆಗಳಲ್ಲಿ ರೋಬೋಟ್ ಕೂರಿಸುವುದು, ಅದರ ಸುತ್ತ ದುಡಿಯುವವರಿಗೆ ಪೆಟ್ಟಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ರೋಬೋಟ್ ಬಗ್ಗೆ ಓದುಗರು ಬರೆದ ಪತ್ರಗಳೆಲ್ಲ ನನ್ನ ಮೇಜಿಗೇ ಬರುತ್ತವೆ. ಈ ಸಲ ಅರ್ಧಕ್ಕಿಂತ ಜಾಸ್ತಿ ಪತ್ರಗಳಲ್ಲಿ ಇರುವುದು ಒಂದೇ ಪ್ರಶ್ನೆ. ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಪ್ರಶ್ನೆ: ‘ಸ್ಕಾರ್ಪಿಯನ್’ ಥರದ ಅಮೆರಿಕದ ಧಾರಾವಾಹಿಗಳನ್ನು ನೋಡುತ್ತೇನೆ. ಇಂಥವುಗಳಲ್ಲಿ ರೋಬೋಟ್‌ಗಳು ತಿರುಗಿಬೀಳುವ ಕಂತು ಒಂದಾದರೂ ಇರುತ್ತದೆ. ನಾಲ್ಕೈದು ಜೀನಿಯಸ್‌ಗಳು ಲ್ಯಾಪ್‌ಟಾಪ್ ಹಿಡಿದು, ಕೊನೇ ಸೆಕೆಂಡಿನಲ್ಲಿ ಕೋಡ್ ಬರೆದು ನಿಲ್ಲಿಸುತ್ತಾರೆ. ನಿಜವಾಗಿ ರೋಬೋಟ್‌ಗೆ ತಲೆ ಕೆಟ್ಟರೆ ಏನು ಮಾಡಬೇಕು? (ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಕೆಂಪು ಗುಂಡಿ ಒತ್ತಬೇಕು. ನಿನ್ನೆ ಕೆಲಸಕ್ಕೆ ಸೇರಿದ ಹುಡುಗನ ಅಂಗೈ ಸಾಕು.

ಹಳದಿ ಡಬ್ಬಿಯ ಮೇಲೆ ಅಣಬೆಯ ಹಾಗೆ ಕೂತಿರುವ ಆ ಗುಂಡಿ ರೋಬೋಟಿನ ಪ್ರೋಗ್ರಾಮನ್ನು ಏನೂ ಕೇಳುವುದಿಲ್ಲ. ಅದರ ವೈರಿಂಗೇ ಬೇರೆ, ಅದೂ ಎರಡು ಸಾಲು. ಗುಂಡಿ ಒತ್ತದಿರುವಾಗ ಆ ವೈರಿನಲ್ಲಿ ಕರೆಂಟ್ ಹರಿಯುತ್ತಲೇ ಇರಬೇಕು. ಇಲಿ ಬಂದು ವೈರ್ ಕಡಿದರೂ ಸರಿ, ಮೋಟಾರಿನ ಪವರ್ ಹೋಗುತ್ತದೆ, ಕೀಲುಗಳಲ್ಲಿರುವ ಬ್ರೇಕ್ ಸ್ಪ್ರಿಂಗ್ ಬಲದಿಂದ ಕಚ್ಚಿಕೊಳ್ಳುತ್ತದೆ. ತೋಳು ಎಲ್ಲೆಲ್ಲಿ ಹೋಗಬೇಕು ಅಂತ ರೋಬೋಟಿಗೆ ಪಾಠ ಹೇಳಿಕೊಡುವಾಗ ಕೈಯಲ್ಲಿ ಹಿಡಿಯುವ, ಪೆಂಡೆಂಟ್ ಅನ್ನುವ ರಿಮೋಟ್ ನೋಡಿದ್ದೀರಾ? ಅದರ ಹಿಂದೆ ಒಂದು ಸ್ವಿಚ್ ಇರುತ್ತದೆ. ಅರ್ಧ ಒತ್ತಿ ಹಿಡಿದಿದ್ದರೆ ಮಾತ್ರ ತೋಳು ಅಲುಗುತ್ತದೆ. ಬಿಟ್ಟರೂ ನಿಲ್ಲುತ್ತದೆ, ಪೂರ್ತಿ ಹಿಸುಕಿದರೂ ನಿಲ್ಲುತ್ತದೆ. ಹೆದರಿದ ಕೈ ಒಂದೋ ಸಡಿಲಾಗುತ್ತದೆ, ಇಲ್ಲ ಬಿಗಿಯಾಗುತ್ತದೆ. ಎರಡನ್ನೂ ಯೋಚಿಸಿಯೇ ಮಾಡಿದ್ದು. ಪಾಠ ಹೇಳುವಾಗ ತೋಳಿನ ವೇಗ ಸೆಕೆಂಡಿಗೆ 250 ಮಿಲಿಮೀಟರ್ ದಾಟಬಾರದು ಅಂತ ನಿಯಮವೂ ಇದೆ. ಇಷ್ಟು ಕಾಳಜಿಯಿಂದ ಕಟ್ಟಿದ ವ್ಯವಸ್ಥೆಯನ್ನು ಧಾರಾವಾಹಿಗಳು ತೋರಿಸುವುದೇ ಇಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ.

ಯಾಕಂದ್ರೆ ರೋಬೋಟ್ ಪಕ್ಕ ಜನ ಸಾಯುವುದು ಹೆಚ್ಚಾಗಿ ಅದಕ್ಕೆ ತಲೆ ಕೆಟ್ಟಾಗ ಅಲ್ಲ. ಅದು ಹೇಳಿದ ಕೆಲಸವನ್ನು ಸರಿಯಾಗಿ ಮಾಡುತ್ತಿರುವಾಗ.

ಹಲವು ವರ್ಷದ ಹಿಂದೆ ಪೀಣ್ಯದ ಒಂದು ಕಾರ್ಖಾನೆಗೆ ಹೋಗಿದ್ದೆ. ಲೋಹ ಕಡೆಯುವ ಲೇತ್ ಯಂತ್ರಕ್ಕೆ ಜಾಬ್ (ಕಡೆಯಬೇಕಾದ ತುಂಡು) ಎತ್ತಿ ಕೊಡುವ ರೋಬೋಟ್ ಅದು. ತೋಳು ಚಾಚಿ ಸುಮ್ನೆ ನಿಂತಿತ್ತು. ಕೂಲೆಂಟ್ ಮೆತ್ತಿದ ಒಂದು ಲೋಹದ ಚೂರು ಸೆನ್ಸರ್ ಮೇಲೆ ಕೂತಿದ್ದು ಆಪರೇಟರ್ ಹುಡುಗನಿಗೆ ಕಾಣಿಸಿತು. ರೋಬೋಟಿನ ಸುತ್ತ ಹಾಕಿದ ಬೇಲಿಯ ಬಾಗಿಲು ತೆಗೆದ, ಬನಿಯನ್ ವೇಸ್ಟ್ ಹಿಡಿದು ಒಳಗೆ ಹೋದ, ಒರೆಸಿದ. ಸೆನ್ಸರ್‌ಗೆ ಜಾಬ್ ಕಂಡಿತು. ‘ಸಿದ್ಧ’ ಅಂತ ಸಿಗ್ನಲ್ ಹೋಯಿತು. ರೋಬೋಟ್ ಅಷ್ಟು ಹೊತ್ತು ಕಾಯುತ್ತಿದ್ದದ್ದು ಅದೊಂದಕ್ಕೇ. ತೋಳು ಬಂದು ಭುಜಕ್ಕೆ ಬಡಿಯಿತು, ಹುಡುಗನ ಕಾಲರ್ ಮೂಳೆ ಮುರಿಯಿತು. ಅರ್ಧ ಅಡಿ ಆಚೆ ನಿಂತಿದ್ದರೆ ತಲೆ.

ಬಾಗಿಲು ತೆಗೆದ ಕೂಡಲೇ ರೋಬೋಟ್ ನಿಲ್ಲಬೇಕಿತ್ತು ಅಲ್ವಾ? ಬಾಗಿಲಿನ ಸ್ವಿಚ್‌ಗೆ ಒಂದು ಲೋಹದ ಕೀ ಇರುತ್ತದೆ. ಬಾಗಿಲು ತೆಗೆದಾಗ ಅದು ಸ್ವಿಚ್‌ನಿಂದ ಹೊರಗೆ ಬರುತ್ತದೆ, ರೋಬೋಟ್ ನಿಲ್ಲುತ್ತದೆ. ಅಲ್ಲಿ ಯಾರೋ ಇನ್ನೊಂದು ಸ್ಪೇರ್ ಕೀ ತಂದು ಸ್ವಿಚ್‌ಗೆ ಸಿಕ್ಕಿಸಿ, ಮೇಲೆ ಟೇಪ್ ಸುತ್ತಿದ್ದರು. ಬಾಗಿಲು ಹಾರುಹೊಡೆದಿದ್ದರೂ ಸ್ವಿಚ್ ಪಾಲಿಗೆ ಮುಚ್ಚಿಯೇ ಇತ್ತು. ‘ಸಾರ್, ರೋಬೋಟ್ ಹುಚ್ಚುಹುಚ್ಚಾಗಿ ಆಡಿಬಿಡ್ತು’ ಅಂದರು. ನಾನು ಲಾಗ್ ತೆಗೆದು ನೋಡಿದೆ. ಪ್ರೋಗ್ರಾಮಿನ ಒಂದೊಂದು ಸಾಲೂ ಬರೆದ ಹಾಗೇ ನಡೆದಿತ್ತು. ಆ ಟೇಪನ್ನು ನಾನೇ ಉಗುರಿನಿಂದ ಕಿತ್ತೆ. ಅಂಟು ಒಣಗಿ ಹಳದಿಯಾಗಿತ್ತು. ಎಷ್ಟು ತಿಂಗಳಿಂದ ಹಾಗಿತ್ತೋ!

ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. 1979ರ ಜನವರಿಯಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಫ್ಲಾಟ್ ರಾಕ್‌ನ ಫೋರ್ಡ್ ಎರಕದ ಘಟಕದಲ್ಲಿ 25 ವರ್ಷದ ಕಾರ್ಮಿಕರೊಬ್ಬರು ಬಿಡಿಭಾಗ ತೆಗೆಯಲು ರ್‍ಯಾಕ್ ಹತ್ತಿದ್ದರು. ಅದೇ ರ್‍ಯಾಕಿನಲ್ಲಿ ಕೆಲಸ ಮಾಡುತ್ತಿದ್ದ ಯಂತ್ರದ ತೋಳು ಬಡಿದು ಅಲ್ಲೇ ತೀರಿಕೊಂಡರು. ರೋಬೋಟಿನಿಂದ ಸತ್ತ ಮೊದಲ ಮನುಷ್ಯ ಅಂತ ದಾಖಲಾಗಿರುವುದು ಅವರ ಹೆಸರೇ. ಯಂತ್ರ ತಯಾರಿಸಿದ ಕಂಪನಿ 1 ಕೋಟಿ ಡಾಲರ್ ಕೊಡಬೇಕು ಅಂತ 1983ರಲ್ಲಿ ಜ್ಯೂರಿ ತೀರ್ಪು ಕೊಟ್ಟಿತು. 1981ರಲ್ಲಿ ಜಪಾನಿನ ಅಕಾಶಿಯ ಕವಾಸಾಕಿ ಕಾರ್ಖಾನೆಯಲ್ಲಿ ಬೇಲಿಯ ಬಾಗಿಲು ತೆರೆದಿದ್ದರೆ ಪವರ್ ತಾನಾಗಿಯೇ ಹೋಗುತ್ತಿತ್ತು. ಕೆಟ್ಟುನಿಂತ ರೋಬೋಟ್ ನೋಡಲು ಹೋದವರು ಬಾಗಿಲು ಬಿಟ್ಟು ಬೇಲಿ ಹಾರಿದರು. ತೋಳು ಅವರನ್ನು ಪಕ್ಕದ ಯಂತ್ರಕ್ಕೆ ಒತ್ತಿಹಿಡಿಯಿತು. 2022ರಲ್ಲಿ ಮಾಸ್ಕೋದ ಚೆಸ್ ಟೂರ್ನಿಯಲ್ಲಿ ರೋಬೋಟ್ ಏಳು ವರ್ಷದ ಹುಡುಗನ ಬೆರಳು ಮುರಿದ ವಿಡಿಯೊವನ್ನು ನೀವೂ ನೋಡಿರಬಹುದು. ‘ಸೋಲಿನ ಸಿಟ್ಟು’ ಅಂತ ಹಂಚಿದರು. ರೋಬೋಟ್ ತನ್ನ ನಡೆ ಮುಗಿಸುವ ಮೊದಲೇ ಮಗು ಕೈ ಇಟ್ಟಿತು, ಅದು ಬೆರಳನ್ನು ಹಿಡಿದುಕೊಂಡಿತು. ಮಗುವಿನ ಕೈ ತಲುಪುವ ಕಡೆ ಅಂಥ ತೋಳನ್ನು ಇಟ್ಟವರನ್ನು ಕೇಳಬೇಕು.

ಆದ್ದರಿಂದ ನಿಂತಿರುವ ರೋಬೋಟ್ ಕಂಡರೆ ನಿಂತಿದೆ ಅನ್ನಬೇಡಿ. ಏನಕ್ಕೋ ಕಾಯ್ತಾ ಇದೆ ಅಂದುಕೊಳ್ಳಿ. ಬೇಲಿಯೊಳಗೆ ಹೋಗುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ ಅದಕ್ಕೆ ನಿಮ್ಮದೇ ಬೀಗ ಹಾಕಿ. ಬೀಗದ ಕೈ ನಿಮ್ಮ ಜೇಬಿನಲ್ಲಿರಲಿ, ಗೆಳೆಯನ ಜೇಬಿನಲ್ಲೂ ಬೇಡ. ಅತಿಯಾಯಿತು ಅಂತ ನನ್ನ ಜೊತೆ ಕೆಲಸ ಮಾಡುವವರೇ ಹೇಳುತ್ತಾರೆ. ಹೇಳಲಿ. ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಪ್ರಶ್ನೆ: ಅದು ಹಳೇ ರೋಬೋಟ್. ಈಗ ಎಐ ಬಂದಿದೆ, ತಾನೇ ಯೋಚಿಸುತ್ತೆ. ಆಗ? (ಹುಬ್ಬಳ್ಳಿ)

ಉತ್ತರ: 2018ರ ಮಾರ್ಚ್‌ನಲ್ಲಿ ಅರಿಜೋನಾದ ಟೆಂಪಿಯಲ್ಲಿ ಊಬರ್‌ನ ಪ್ರಯೋಗದ ಸ್ವಯಂಚಾಲಿತ ಕಾರು ರಸ್ತೆ ದಾಟುತ್ತಿದ್ದ ಮಹಿಳೆಗೆ ಗುದ್ದಿತು, ಅವರು ತೀರಿಕೊಂಡರು. ಗುದ್ದುವುದಕ್ಕೆ 5.6 ಸೆಕೆಂಡ್ ಮೊದಲೇ ಕಾರಿಗೆ ಅವರು ಕಂಡಿದ್ದರು. ವಾಹನ, ಬೇರೆ ಏನೋ, ಸೈಕಲ್ ಅಂತ ಲೆಕ್ಕ ಬದಲಿಸುತ್ತಲೇ ಹೋಯಿತು. ಕಾರಿನ ಮೂಲ ತುರ್ತು ಬ್ರೇಕ್ ವ್ಯವಸ್ಥೆ ಕಂಪ್ಯೂಟರ್ ಓಡಿಸುವಾಗ ಕೆಲಸ ಮಾಡದಂತೆ ಇಟ್ಟಿದ್ದರು. ಕಾವಲಿಗೆ ಕೂತವರ ಕಣ್ಣು ಫೋನಿನ ಮೇಲಿತ್ತು. ಪೀಣ್ಯದ ಆ ಟೇಪ್ ನೆನಪಾಗುತ್ತದೆ ನನಗೆ.

ಪ್ರಶ್ನೆ: ಫೇಸ್‌ಬುಕ್‌ನ ಎರಡು ರೋಬೋಟ್‌ಗಳು ರಹಸ್ಯ ಭಾಷೆ ಕಟ್ಟಿಕೊಂಡವಂತೆ, ಹೆದರಿ ಬಂದ್ ಮಾಡಿದರಂತೆ?

ಉತ್ತರ: ಸುಳ್ಳು. 2017ರಲ್ಲಿ ಚೌಕಾಸಿ ಕಲಿಸಲು ಮಾಡಿದ ಎರಡು ಚಾಟ್ ಪ್ರೋಗ್ರಾಂಗಳು ಅಡ್ಡಾದಿಡ್ಡಿ ಇಂಗ್ಲಿಷ್ ಬರೆದವು, ಸಂಶೋಧಕರು ಸೆಟ್ಟಿಂಗ್ ತಿದ್ದಿದರು. ದಯವಿಟ್ಟು ಇನ್ನು ಇದನ್ನು ಕೇಳಬೇಡಿ.

ಪ್ರಶ್ನೆ: ವಿಜ್ಞಾನ ಕಥೆಗಾರ ಅಸಿಮೋವ್ ರೋಬೋಟ್‌ಗಳಿಗೆ ಅಂತ ಬರೆದ ಮೂರು ನಿಯಮಗಳನ್ನು ಎಲ್ಲ ರೋಬೋಟಿಗೂ ಹಾಕಿದರೆ ಆಯ್ತಲ್ಲ?

ಉತ್ತರ: ಅವು 1942ರ ಒಂದು ಕಥೆಗೆ ಬರೆದವು. ಮನುಷ್ಯ ಅಂದರೆ ಏನು ಅಂತಲೇ ಗೊತ್ತಿಲ್ಲದ ತೋಳಿಗೆ ‘ಮನುಷ್ಯನಿಗೆ ನೋವು ಮಾಡಬೇಡ’ ಅಂತ ಹೇಳುವುದು ಹೇಗೆ?

ಪ್ರಶ್ನೆ: ಸ್ಕಾರ್ಪಿಯನ್‌ನ ನಾಯಕನ ಐಕ್ಯೂ 197 ಅಂತೆ. ಮಗನಿಗೆ ಮಿದುಳು ಚುರುಕು ಮಾಡುತ್ತೇವೆ ಅನ್ನುವ ‘ಮಿಡ್‌ಬ್ರೈನ್ ಆಕ್ಟಿವೇಷನ್’ ತರಬೇತಿ ಕೊಡಿಸಿದರೆ ಅಂಥ ಜೀನಿಯಸ್ ಆಗುತ್ತಾನಾ? (ತಾಯಿ, ಮೈಸೂರು)

ಉತ್ತರ: ಬೇಡ ತಾಯಿ, ಖಂಡಿತ ಬೇಡ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತಾರಲ್ಲ, ಮೂಗಿನ ಪಕ್ಕದ ಸಂದಿಯಿಂದ ಮಗು ಇಣುಕುತ್ತದೆ, ಅಷ್ಟೇ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಇದನ್ನು ವರ್ಷಗಟ್ಟಲೆ ಬಯಲು ಮಾಡುತ್ತಾ ಬಂದಿದ್ದಾರೆ. ಆ ವ್ಯಾಪಾರಿಗಳು ದುಡ್ಡು ಕೀಳುವುದರ ಜೊತೆಗೆ ಮಗುವಿಗೆ ಸುಳ್ಳು ಹೇಳುವುದನ್ನೂ ಕಲಿಸುತ್ತಾರೆ. ಅದನ್ನು ನಾನು ಕ್ಷಮಿಸಲಾರೆ. ಇನ್ನು 197. ಇವತ್ತಿನ ಸಾಮಾನ್ಯ ಐಕ್ಯೂ ಪರೀಕ್ಷೆಗಳ ಅಳತೆಯೇ 160ರ ಆಸುಪಾಸಿಗೆ ಮುಗಿಯುತ್ತದೆ. ಲೆಕ್ಕದ ಪ್ರಕಾರ 197 ಅಂದರೆ ಭೂಮಿಯ 800 ಕೋಟಿ ಜನರಲ್ಲಿ ಒಬ್ಬರೂ ಸಿಗದಷ್ಟು ಅಪರೂಪ. ಮಗನಿಗೆ ಒಂದು ಸ್ಕ್ರೂಡ್ರೈವರ್, ಒಂದು ಹಳೇ ಮಿಕ್ಸಿ ಕೊಡಿ. ಪ್ಲಗ್ ಕತ್ತರಿಸಿ ಕೊಡಿ.

ಪ್ರಶ್ನೆ: ನಮ್ಮ ರೋಬೋಟಿನ ಬೇಲಿ ಬಾಗಿಲಿನ ಸ್ವಿಚ್‌ಗೂ ಸ್ಪೇರ್ ಕೀ ಸಿಕ್ಕಿಸಿದ್ದಾರೆ. ತೆಗೆದರೆ ಪ್ರೊಡಕ್ಷನ್ ನಿಲ್ಲುತ್ತೆ ಅಂತ ಸೂಪರ್‌ವೈಸರ್ ಬೈತಾರೆ. (ಆಪರೇಟರ್, ದೊಡ್ಡಬಳ್ಳಾಪುರ)

ಉತ್ತರ: ನಿಮ್ಮ ಪತ್ರವನ್ನು ಎಲ್ಲಕ್ಕಿಂತ ಮೊದಲು ಓದಿದೆ, ಅವತ್ತೇ ನಿಮಗೆ ಬೇರೆಯಾಗಿಯೂ ಬರೆದಿದ್ದೇನೆ. ಆ ಕೀ ಇರುವವರೆಗೆ ಒಳಗೆ ಕಾಲಿಡಬೇಡಿ. ಫೋಟೊ ತೆಗೆದು, ತಾರೀಕು ಹಾಕಿ, ಸುರಕ್ಷತಾ ಅಧಿಕಾರಿಗೆ ಬರವಣಿಗೆಯಲ್ಲೇ ಕೊಡಿ. ಬಾಯಿಮಾತು ಬೇಡ. ಅವರು ಕೇಳದಿದ್ದರೆ ರಾಜ್ಯದ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಗೆ ಬರೆಯಿರಿ. ನಿಮ್ಮ ಹೆಸರು, ಕಂಪನಿಯ ಹೆಸರು ಎರಡನ್ನೂ ಇಲ್ಲಿ ಹಾಕಿಲ್ಲ. ರಾತ್ರಿ ಪಾಳಿಯ ಹುಡುಗರಿಗೂ ಇವತ್ತೇ ಹೇಳಿ.