ಧರೆ ಬಿರುಕು ಬಿಟ್ಟಿದೆ, ಏನು ಮಾಡಲಿ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಮನೆ. ಹಿತ್ತಲ ಧರೆ (ಗುಡ್ಡ ಕಡಿದಾಗ ಉಳಿದ ಕಡಿದಾದ ಮಣ್ಣಿನ ಗೋಡೆ) 12 ಅಡಿ ಎತ್ತರ. ಅದರ ನೆತ್ತಿಯಲ್ಲಿ ಉದ್ದಕ್ಕೂ ಬಿರುಕು ಬಿಟ್ಟಿದೆ. ಮಣ್ಣು ತುಂಬಿದರೆ ಸಾಕೇ?

ಉತ್ತರ: ಸಾಲದು. ಬಿರುಕಿನೊಳಗೆ ಇಳಿಯುವ ನೀರು ಮಣ್ಣಿನ ತೂಕ ಹೆಚ್ಚಿಸಿ, ಹಿಡಿತ ಸಡಿಲಿಸುತ್ತದೆ. ಮಳೆ ಬಿಟ್ಟು ಹೊಳವಾದಾಗ ಜೇಡಿಮಣ್ಣು ಗಿಡಿದು ಮುಚ್ಚಿ, ಮೇಲೆ ಟಾರ್ಪಾಲು ಹಾಸಿ, ಅಂಚಿಗೆ ಮರಳಿನ ಚೀಲ ಇಡಿ. ಮೇಲಿನ ತೋಟದಿಂದ ಹರಿದು ಬರುವ ನೀರನ್ನು ಬದು ಕಟ್ಟಿ ಪಕ್ಕಕ್ಕೆ ತಿರುಗಿಸಿ. ಬಿರುಕಿನ ಆಚೆ ಈಚೆ ಒಂದೊಂದು ಗೂಟ ಹೊಡೆದು, ನಡುವಿನ ಅಂತರವನ್ನು ದಿನಾ ಟೇಪಿನಲ್ಲಿ ಅಳೆದು ಬರೆದಿಡಿ. (ರಾತ್ರಿ ಮಳೆಯಲ್ಲಿ ಅಳೆಯಲು ಹೋಗುವ ಸಾಹಸ ಬೇಡ.) ಅಂತರ ಹೆಚ್ಚಿದರೆ, ಬುಡದಲ್ಲಿ ಕೆಸರುನೀರು ಒಸರಿದರೆ ಅಥವಾ ಮರ ವಾಲಿದರೆ ತಕ್ಷಣ ಮನೆ ಬಿಟ್ಟು 112ಕ್ಕೆ ಫೋನ್ ಮಾಡಿ. ಅಂಗಳ ಅಗಲ ಮಾಡಲೆಂದು ಜೆಸಿಬಿ ತರಿಸಿ ಧರೆಯ ಬುಡ ಕೆರೆಸುವುದಂತೂ ಬೇಡವೇ ಬೇಡ. ಮೇಲಿನ ಮಣ್ಣಿಗೆ ಆಸರೆ ಅದೊಂದೇ.