ಇಂಗ್ಲೆಂಡಿನ ಪರ್ಸಿ ಮನೆತನ ಸಾವಿರ ವರ್ಷದಿಂದ ಒಂದೇ ವಂಶವಾಗಿ ಬಂದಿದೆಯೇ?

ಹೆಸರು ಒಂದೇ, ಆದರೆ ಗಂಡುಸಂತತಿ ಎರಡು ಸಲ ಕಡಿದಿದೆ. ಎರಡೂ ಸಲ ಮನೆತನ ಉಳಿದದ್ದು ಹೆಣ್ಣುಮಕ್ಕಳಿಂದ.

1066ರ ನಾರ್ಮನ್ ದಂಡಯಾತ್ರೆಯ ಬೆನ್ನಿಗೆ ಬಂದ ವಿಲಿಯಂ ಡಿ ಪರ್ಸಿ ಮೂಲಪುರುಷ. 12ನೇ ಶತಮಾನದಲ್ಲಿ ಗಂಡುಸಂತಾನ ನಿಂತಾಗ, ವಂಶದ ಮಗಳು ಆಗ್ನೆಸ್ ಲೂವೈನಿನ (ಈಗಿನ ಬೆಲ್ಜಿಯಂನ ಊರು) ಜೋಸೆಲಿನ್‌ನನ್ನು ಮದುವೆಯಾಗಿದ್ದಳು. ಮಕ್ಕಳು ತಾಯಿಯ ಮನೆಹೆಸರನ್ನೇ ಇಟ್ಟುಕೊಂಡರು. 1309ರಲ್ಲಿ ಆನಿಕ್ ಕೋಟೆ ಕೊಂಡರು, 1377ರಲ್ಲಿ ನಾರ್ತಂಬರ್ಲೆಂಡಿನ ಅರ್ಲ್ ಎಂಬ ಶ್ರೀಮಂತವರ್ಗದ ಪದವಿ ಬಂತು. ಆಮೇಲೆ ಬರೀ ದಂಗೆ: ‘ಹಾಟ್‌ಸ್ಪರ್’ ಎಂದೇ ಹೆಸರಾದ ಹೆನ್ರಿ ಪರ್ಸಿ ರಾಜನ ವಿರುದ್ಧ ತಿರುಗಿಬಿದ್ದು 1403ರಲ್ಲಿ ಶ್ರೂಸ್‌ಬರಿಯಲ್ಲಿ ಸತ್ತ.

1670ರಲ್ಲಿ 11ನೇ ಅರ್ಲ್ ತೀರಿಕೊಂಡಾಗ ಉಳಿದವಳು ಪುಟ್ಟ ಮಗಳು ಎಲಿಜಬೆತ್ ಮಾತ್ರ. ಆಕೆಯ ಮೊಮ್ಮಗಳ ಗಂಡ ಹ್ಯೂ ಸ್ಮಿತ್ಸನ್ 1750ರಲ್ಲಿ ಪರ್ಸಿ ಎಂದು ಹೆಸರು ಬದಲಿಸಿಕೊಂಡು 1766ರಲ್ಲಿ ಅರ್ಲ್‌ಗಿಂತ ಮೇಲಿನ ಪದವಿಯಾದ ನಾರ್ತಂಬರ್ಲೆಂಡಿನ ಡ್ಯೂಕ್ ಆದ. ನಮ್ಮ ಲೆಕ್ಕದಲ್ಲಿ ಅಪ್ಪಟ ಮನೆಯಳಿಯ! ಈಗಿನ ಡ್ಯೂಕ್ ಅವನ ವಂಶದವರೇ.

ತಮಾಷೆಯೆಂದರೆ, ಹ್ಯೂ ಬಿಟ್ಟ ಹಳೆಯ ಹೆಸರು ಇವತ್ತು ಹೆಚ್ಚು ಪ್ರಸಿದ್ಧ. ಅವನ ವಿವಾಹಬಾಹಿರ ಮಗ ಜೇಮ್ಸ್ ಸ್ಮಿತ್ಸನ್ ಬಿಟ್ಟುಹೋದ ಆಸ್ತಿಯಿಂದಲೇ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಎಂಬ ವಸ್ತುಸಂಗ್ರಹಾಲಯ-ಸಂಶೋಧನಾ ಸಂಸ್ಥೆ ಹುಟ್ಟಿದ್ದು.